ಮೊದಲ ದಿನದ ಮಾತು

ಬೇಸಗೆಯ ರಜೆಯು ಮುಗಿದು ಶಾಲೆಗಳು ಪುನಃ ಆರಂಭವಾಗುವ ಈ ಸಮಯದಲ್ಲಿ ಉಪಾಧ್ಯಾಯರಲ್ಲಿ ನಮ್ಮದೊಂದು ಅರಿಕೆಯುಂಟು. ತರಗತಿಯ ನಿಯಮಗಳನ್ನು ಮೊದಲನೆಯ ದಿನವೇ ಮಕ್ಕಳಿಗೂ ತಾಯಿತಂದೆಗಳಿಗೂ ತಿಳಿಗನ್ನಡದಲ್ಲಿ ಹೇಳಿಬಿಡಬೇಕು.

ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಿಯು ಅಗತ್ಯ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆಂದೋ, ದೇವನಹಳ್ಳಿಯ ಕಡೆ ರೇಷ್ಮೆಹುಳುವು ಹಣ್ಣಾಯಿತೆಂದೋ ಮಗನನ್ನು ನಾಲ್ಕಾರು ದಿನ ಮನೆಯಲ್ಲಿಯೇ ನಿಲ್ಲಿಸಿಕೊಳ್ಳುವ ತಂದೆಗೆ ಈ ಲೆಕ್ಕವು ಜೂನ್ ತಿಂಗಳಲ್ಲಿಯೇ ತಿಳಿದರೆ ಪ್ರಯೋಜನ. ಪ್ರವೇಶಪತ್ರವು ಕೈತಪ್ಪಿದ ಮೇಲೆ ತಿಳಿದರೆ ಕಣ್ಣೀರೇ ಫಲ.

ಮಕ್ಕಳನ್ನು ಹೊಡೆಯಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾನೂನು ವಿಧಿಸಿದೆ. ಅದು ಯುಕ್ತವೇ. ಆದರೆ ಬೆತ್ತವು ಹೋದ ಸ್ಥಳಕ್ಕೆ ಮಾತು ಬಾರದಿದ್ದರೆ ಶಿಸ್ತು ನಿಲ್ಲುವುದೆಂತು? ತಿಳಿಸದಿದ್ದ ನಿಯಮವನ್ನು ಮೀರಿದನೆಂದು ಹುಡುಗನನ್ನು ಹೊರಗೆ ನಿಲ್ಲಿಸುವುದು ಅನ್ಯಾಯವೇ ಸರಿ.

ನಿಯಮವು ಉಭಯರನ್ನೂ ಕಟ್ಟಬೇಕು. ಗಂಟೆಗೆ ಸರಿಯಾಗಿ ತರಗತಿಗೆ ಬರುವುದು, ಬರೆದ ಪುಸ್ತಕಗಳನ್ನು ವಾರದೊಳಗೆ ತಿದ್ದಿಕೊಡುವುದು ಉಪಾಧ್ಯಾಯರ ಪಾಲಿನ ವಾಗ್ದಾನವಾಗಲಿ. ಶಾಲಾಭಿವೃದ್ಧಿ ಸಮಿತಿಗಳು ವರ್ಷದ ಮೊದಲ ಸಭೆಯಲ್ಲಿಯೇ ಇವೆಲ್ಲವನ್ನೂ ಗಟ್ಟಿಯಾಗಿ ಓದಿಸಲಿ. ಓದುಬಾರದ ತಾಯಿತಂದೆಗಳಿಗೆ ಅದೇ ಆಧಾರ. ಕ್ಷೇತ್ರ ಶಿಕ್ಷಣಾಧಿಕಾರಿಗಳು ತನಿಖೆಗೆ ಬಂದಾಗ ದಾಖಲೆಗಳನ್ನು ನೋಡುವ ಮುನ್ನ, ನಿಮ್ಮ ತರಗತಿಯ ನಿಯಮವೇನೆಂದು ಒಬ್ಬ ಹುಡುಗನನ್ನು ಕೇಳಿ ನೋಡಲೆಂದು ಪ್ರಾರ್ಥಿಸುತ್ತೇವೆ.