ತಾತನ ಯೆಜ್ಡಿ, ಭಾಗ 4: ಹೆಡ್ ಕಟ್ ಮಾಡ್ಸಲ್ಲ ಮಗಾ

ಇಂಜಿನ್ ಬಿಚ್ಚಿದ ಫೋಟೋ ಹಾಕಿದಾಗಿಂದ ಕ್ಲಾಸಲ್ಲಿ ಎಲ್ಲರದ್ದೂ ಒಂದೇ ಸಲಹೆ. "ಹೆಂಗೂ ಬಿಚ್ಚಿದ್ದೀಯ, ಹೆಡ್ ಒಂದು ಮಿಲಿಮೀಟರ್ ಕಟ್ ಮಾಡ್ಸು, ಕಂಪ್ರೆಷನ್ ಏರುತ್ತೆ, ಪಿಕಪ್ ಬೆಂಕಿ." ಮಾಡ್ಸಲ್ಲ. ಯಾಕಂದ್ರೆ ಒಂದ್ಸಲ ಮಾಡ್ಸಿ ಆಗಿದೆ.

ಎರಡನೇ ಫೋಟೋದಲ್ಲಿ ಗೀರು ಬಿದ್ದಿರೋ ಪಿಸ್ಟನ್ ನೋಡಿ, ಅದರದ್ದೇ ಕಥೆ. ಹೋದ ವರ್ಷ ಹಟ ಹಿಡಿದು ನಾನೇ ಹೆಡ್ ಕೊಯ್ಸಿದ್ದೆ. ಮೊದಲ ವಾರ ನಿಜವಾಗ್ಲೂ ಬೆಂಕಿ. ಆಮೇಲೊಂದು ದಿನ ಮೈಸೂರಿಗೆ ಹೋಗ್ತಾ, ಹಿಂದೆ ಅಕ್ಕ ಕೂತಿದ್ದಾಗ, ಬಿಳಿಕೆರೆ ದಾಟುತ್ತಲೇ ಇಂಜಿನ್ ಸೀಜ್. ಪಿಸ್ಟನ್ ನಿಂತ್ರೆ ಹಿಂದಿನ ಚಕ್ರವೂ ನಿಲ್ಲುತ್ತೆ. ತಕ್ಷಣ ಕ್ಲಚ್ ಒತ್ತಿದ್ದಕ್ಕೆ ಬಚಾವ್. ಅಕ್ಕ ಬಸ್ ಹತ್ತಿ ಹೋದ್ಳು, ಇವತ್ತಿಗೂ ಆ ಗಾಡಿ ಹತ್ರ ಬರಲ್ಲ.

ತಪ್ಪು ಹೆಡ್ ಒಂದರದ್ದೇ ಅಲ್ಲ, ಒಪ್ಕೋತೀನಿ. ಕಂಪ್ರೆಷನ್ ಏರಿಸಿದವನು ಟೈಮಿಂಗ್ ಮುಟ್ಟಿರಲಿಲ್ಲ, ಜೆಟ್ ಬದಲಾಯಿಸಿರಲಿಲ್ಲ. ಪ್ಲಗ್ ಬೆಳ್ಳಗೆ ಸುಟ್ಟಿತ್ತು, ನೋಡೂ ಸುಮ್ಮನಿದ್ದೆ.

ಲೆಕ್ಕ ಹಾಕಿ ನೋಡಿ. ಯೆಜ್ಡಿ 250ರ ಬೋರ್ 65 ಮಿಮೀ, ಸ್ಟ್ರೋಕ್ 75. ಅಂದ್ರೆ ಹತ್ತಿರ ಹತ್ತಿರ 249 ಸಿಸಿ. ಅನುಪಾತ 8 ಅಂತ ಇಟ್ಕೊಂಡ್ರೆ ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗ ಸುಮಾರು 35.5 ಸಿಸಿ ಅಷ್ಟೇ. ಹೆಡ್ ಒಂದು ಮಿಮೀ ಕೊಯ್ದರೆ ಅದರಲ್ಲಿ 3.3 ಸಿಸಿ ಹೋಗುತ್ತೆ, ಅನುಪಾತ 8.7 ಆಗುತ್ತೆ. ಅದೇ ಬೋರ್ ಮಾಡ್ಸಿ ಸೈಜ್ 50 ಪಿಸ್ಟನ್ ಹಾಕಿದ್ರೆ 8.1 ದಾಟಲ್ಲ. "ದೊಡ್ಡ ಪಿಸ್ಟನ್ ಹಾಕ್ದೆ, ಪವರ್ ಬಂತು" ಅನ್ನೋರಿಗೆ ಬಂದಿರೋದು ಹೊಸ ರಿಂಗ್‌ನ ಬಿಗಿ, ಬೇರೇನಲ್ಲ. (ಯಮಹಾ ಟೂ-ಸ್ಟ್ರೋಕ್‌ನ ಅನುಪಾತದ ಜೊತೆ ಹೋಲಿಸ್ಬೇಡಿ. ಜಪಾನಿನವರು ಎಕ್ಸಾಸ್ಟ್ ಪೋರ್ಟ್ ಮುಚ್ಚಿದ ಮೇಲಿಂದ ಲೆಕ್ಕ ಹಾಕ್ತಾರೆ, ಅದಕ್ಕೇ ಅವರ ಸಂಖ್ಯೆ ಚಿಕ್ಕದು.)

ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಆಕ್ಟೇನ್ ಜಾಸ್ತಿ, ಏರಿಸಿದ್ರೆ ಏನೂ ಆಗಲ್ಲ ಅಂತ ಒಬ್ಬ ವಾದ ಮಾಡ್ದ. ಅರ್ಧ ಸರಿ. ಎಥನಾಲ್‌ನೊಳಗೇ ಆಮ್ಲಜನಕ ಇರೋದ್ರಿಂದ ಹಳೇ ಜೆಟ್‌ನಲ್ಲಿ ಮಿಕ್ಸ್‌ಚರ್ ಲೀನ್ ಆಗುತ್ತೆ, ಪಿಸ್ಟನ್ ತಲೆ ಕಾಯುತ್ತೆ. ಅದನ್ನ ಬಿಟ್ಟು ಬರೀ ಆಕ್ಟೇನ್ ಮಾತಾಡಿದ್ರೆ ಹೆಂಗೆ?

ನನ್ನ ಪ್ರಕಾರ ದುಡ್ಡು ಹಾಕ್ಬೇಕಾದ್ದು ಪಿಸ್ಟನ್‌ಗೆ, ಬೋರಿಂಗ್‌ಗೆ. ಮೊದಲು ಪಿಸ್ಟನ್ ತಗೊಳ್ಳಿ, ಅದನ್ನೇ ಕೈಲಿ ಹಿಡ್ಕೊಂಡು ಬೋರಿಂಗ್‌ಗೆ ಹೋಗಿ. ಡಬ್ಬದ ಮೇಲಿನ ಸೈಜ್ ನಂಬಿ ಮೊದಲೇ ಬೋರ್ ಮಾಡ್ಸಿದ್ರೆ ಗ್ಯಾಪ್ ಸರಿ ಬಂದ್ರೆ ಪುಣ್ಯ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತೆ, ಗ್ಯಾಪ್ ಸಾಲದಿದ್ರೆ ಮತ್ತೆ ಬಿಳಿಕೆರೆ. ಟೂ-ಸ್ಟ್ರೋಕ್‌ನಲ್ಲಿ ಪೋರ್ಟ್ ತೆಗೆದು ಮುಚ್ಚೋದೂ ಪಿಸ್ಟನ್ನೇ, ಹಾಗಾಗಿ ಬೇರೆ ಮಾಡೆಲ್‌ದು ಕೂತ್ಕೊಂಡ್ರೂ ಹಾಕ್ಬೇಡಿ. ರಿಂಗ್‌ನ ತುದಿ ಪಿನ್‌ಗೆ ಸರಿಯಾಗಿ ಕೂರ್ಬೇಕು, ಇಲ್ಲಾಂದ್ರೆ ಪೋರ್ಟ್‌ಗೆ ಸಿಕ್ಕಿ ಮುರಿಯುತ್ತೆ.

ಇನ್ನೊಂದು ಮಾತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ತಾತ ಕಟ್ಟೆಮಳಲವಾಡಿ ತಂಬಾಕು ಹರಾಜಿಗೆ ಓಡಿಸ್ತಿದ್ದ ಗಾಡಿಯ ಬ್ಯಾರಲ್ಲು, ಹೆಡ್ಡು ಅಲ್ಲಿಂದ ಇನ್ನು ಬರಲ್ಲ. ಪ್ರತಿ ಬೋರಿಂಗ್‌ಗೂ ಒಂದು ಸೈಜ್ ಕಮ್ಮಿ ಆಗುತ್ತೆ. ಹೆಡ್‌ನಲ್ಲಿ ಕೊಯ್ದಿದ್ದನ್ನ ವಾಪಸ್ ಅಂಟಿಸೋಕಾಗಲ್ಲ. ತಾತಂಗೆ ಹೇಳಿದಾಗ ಬೈಲಿಲ್ಲ, ಪಿಸ್ಟನ್ ತಿರುಗಿಸಿ ನೋಡಿ ಟೇಬಲ್ ಮೇಲಿಟ್ರು. ಬೈದಿದ್ರೇ ಚೆನ್ನಾಗಿತ್ತು.

ಕೊಯ್ಯದೇ ಇರೋ ಹಳೇ ಹೆಡ್ ಒಂದು ಸಿಕ್ಕಿದೆ, ಕೊನೇ ಫೋಟೋ. ಶನಿವಾರ ಬ್ಯಾರಲ್ಲು, ಸೈಜ್ 50 ಪಿಸ್ಟನ್ನು ಎರಡೂ ಬ್ಯಾಗಿಗೆ ಹಾಕ್ಕೊಂಡು ಮೈಸೂರು ಬಸ್ಸು. ಬರೋರು ಬೆಳಿಗ್ಗೆ ಎಂಟಕ್ಕೆ ಸ್ಟ್ಯಾಂಡ್ ಹತ್ರ ಬನ್ನಿ.

#ಹುಣಸೂರು #ಯೆಜ್ಡಿ #ತಾತನಗಾಡಿ