ಎಳೆಯರ ಹಾಡೂ ಹಿರಿಯರ ದೂರೂ

ನಮ್ಮ ಠಾಣಾ ಕುಶನೂರಿನಲ್ಲಿ ಮದುವೆಯ ಮೆರವಣಿಗೆಯೊಂದು ಹೊರಟಿತೆಂದರೆ ಕಟ್ಟೆಯ ಮೇಲಿನ ಹಿರಿಯರ ಬಾಯಿಂದ ಒಂದೇ ಮಾತು ಕೇಳಿಬರುವದು: “ಈಗಿನ ಹುಡುಗರ ಹಾಡು ಕೇಳಿದರೆ ಸಾಕು, ಈ ಪೀಳಿಗೆಯ ಯೋಗ್ಯತೆ ತಿಳಿಯುತ್ತದೆ.” ನಾನೂ ಆ ಕಟ್ಟೆಯವನೇ, ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವನು. ಆದರೂ ಈ ತೀರ್ಪು ಅನ್ಯಾಯದ್ದೆಂದು ಹೇಳದೆ ಇರಲಾರೆನು.

ಜನರು ಮೆಚ್ಚಿದ ಹಾಡು ಆಟಗಳಲ್ಲಿ ಆ ಕಾಲದ ಮನಸ್ಸು ಮೂಡಿರುವದೆಂಬುದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಅಲ್ಲಿ ಮೂಡುವದು ಹೆಚ್ಚಾಗಿ ಆ ಪೀಳಿಗೆಯ ಹಂಬಲ. ಅದಕ್ಕೆ ದೊರೆಯದೆ ಹೋದದ್ದರ ನೆರಳು. ಅದನ್ನು ಓದಿ ನಡತೆಗೆ ಅಂಕ ಹಾಕಹೊರಟವನು ತಪ್ಪುವನು.

ನಮ್ಮ ಅಜ್ಜಿಯರ ಕಾಲವನ್ನೇ ನೋಡಿರಿ. 1948ರ ವರೆಗೆ ಈ ಸೀಮೆ ನಿಜಾಮನ ಆಳಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. ಅಂಥ ದಿನಗಳಲ್ಲಿ ಯಾವ ತನಿಖೆಯ ಅಧಿಕಾರಿಯೂ ಕಾಲಿಡದ ಕನ್ನಡದ ಶಾಲೆಯೆಂದರೆ ಬೀಸುಕಲ್ಲು. ಓದು ಕಾಣದ, ಸಭೆಯಲ್ಲಿ ಬಾಯಿ ತೆರೆಯದ ಹೆಣ್ಣುಮಗಳು ಅಲ್ಲಿ ತವರಿನ ಹಂಬಲವನ್ನು ಹಾಡಿಕೊಂಡಳು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದ ಮೇಲೆ ಅಂಥ ಹಾಡುಗಳಿಗೆ ವಿದ್ವಾಂಸರ ಮನ್ನಣೆ ದೊರೆಯಿತು. ಬೀಸುವ ಪದ ಈಗ ನಿಂತಿದೆ. ಅದು ನಿಂತದ್ದು ಸೊಸೆಯಂದಿರು ಕೆಟ್ಟುದರಿಂದಲ್ಲ, ಊರಿಗೆ ಹಿಟ್ಟಿನ ಗಿರಣಿ ಬಂದುದರಿಂದ.

ಇನ್ನು ನಮ್ಮ ಪೀಳಿಗೆ. 1972ರಲ್ಲಿ ‘ಬಂಗಾರದ ಮನುಷ್ಯ’ ತೆರೆಗೆ ಬಂದಿತು. ರಾಜಕುಮಾರರು ಬರಡು ನೆಲವನ್ನು ಹಸನು ಮಾಡುವದನ್ನು ನಾಡೇ ಕಣ್ತುಂಬ ನೋಡಿತು. ಅದೇ ವರ್ಷ ಮರಾಠವಾಡೆಯನ್ನೂ ನಮ್ಮ ಉತ್ತರ ಭಾಗವನ್ನೂ ಘೋರ ಬರವು ಸುಟ್ಟಿತು. ಹೊಲದಲ್ಲಿ ಕಾಣದ ಹಸುರನ್ನು ನಾವು ತೆರೆಯ ಮೇಲೆ ಕಂಡೆವು. ನಮ್ಮನ್ನು ಆಗ ಯಾರು ಹೊಗಳಿದರು? ಸಿನೇಮಾದ ಹುಚ್ಚು ಹಿಡಿದು ಹುಡುಗರು ಹಾಳಾದರೆಂದೇ ನಮ್ಮ ಹಿರಿಯರೂ ಗೊಣಗಿದರು. ಇಂದು ಆ ಚಿತ್ರವನ್ನೇ ಎಳೆಯರಿಗೆ ನೀತಿಯೆಂದು ತೋರುತ್ತಿರುವವರು ನಾವು!

ಹಾಗಾದರೆ ಇಂದಿನ ಹುಡುಗನ ಹಂಬಲವೇನು? ಅವನು ದುಡಿಮೆಗಾಗಿ ಹೈದರಾಬಾದಿಗೋ ಪುಣೆಗೋ ಹೋಗಿರುತ್ತಾನೆ. ಅಲ್ಲಿಯ ಇಕ್ಕಟ್ಟಾದ ಕೋಣೆಯಲ್ಲಿ ಮೊಬೈಲಿನೊಳಗೆ ಉತ್ತರ ಕರ್ನಾಟಕದ ಮಾತಿನ ಹಾಡೊಂದನ್ನು ಕೇಳಿ, ತನ್ನದೂ ಒಂದನ್ನು ಕಟ್ಟಿ ಲೋಕಕ್ಕೆ ಹರಿಯಬಿಡುತ್ತಾನೆ. ಬೆಂಗಳೂರಿನ ಚಿತ್ರಗಳಲ್ಲಿ ಬಹುಕಾಲ ನಗೆಯಾಟಕ್ಕಷ್ಟೇ ಬಳಕೆಯಾದ ಈ ಕಡೆಯ ಮಾತು ಅವನ ಕೈಯಲ್ಲಿ ನಾಚಿಕೆ ಬಿಟ್ಟು ನಿಂತಿದೆ. ನಾನು ನಲವತ್ತು ನಿಮಿಷದ ಪಾಠದಲ್ಲಿ ಮಾಡಲಾಗದ್ದನ್ನು ಆ ಅರೆನಿಮಿಷದ ಹಾಡು ಮಾಡಿದೆಯೆಂದು ಒಪ್ಪಲು ನನಗೆ ಸಂಕೋಚವಿಲ್ಲ.

ಅವುಗಳಲ್ಲಿ ಹೊಲಸು ಇಲ್ಲವೆ? ಇದೆ. ಹೆಣ್ಣನ್ನು ಹಳಿಯುವ ಹಾಡನ್ನು ನಾನು ಎಂದಿಗೂ ಸಮರ್ಥಿಸೆನು. ಆದರೆ ನಮ್ಮ ಕಾಲದ ತಮಾಷೆ ಲಾವಣಿಗಳೆಲ್ಲ ಗಂಗಾಜಲದಲ್ಲಿ ಅದ್ದಿ ತೆಗೆದವುಗಳಾಗಿದ್ದವೆ? ಹಳೆಯದೆಂದ ಮಾತ್ರಕ್ಕೆ ಮೆಚ್ಚಬೇಡಿರಿ, ಹೊಸದೆಂದ ಮಾತ್ರಕ್ಕೆ ತೆಗಳಬೇಡಿರಿ ಎಂಬ ವಿವೇಕವನ್ನು ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದ ಆರಂಭದಲ್ಲಿಯೇ ಸೂತ್ರಧಾರನ ಬಾಯಿಂದ ಹೇಳಿಸಿದ್ದಾನೆ. ಇಲ್ಲಿಗೆ ಸಮೀಪದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಜನರಾಡುವ ಕನ್ನಡದಲ್ಲಿಯೇ ಅನುಭಾವವನ್ನು ನುಡಿದರು. ಅಂಥ ನೆಲದಲ್ಲಿ ಹುಟ್ಟಿದ ನಾವು ಆಡುಮಾತಿನ ಹಾಡನ್ನು ಕಂಡು ಮೂಗು ಮುರಿಯುವದು ಶೋಭಿಸದು.

ದೂರಿನಿಂದ ಹಾಡು ತಿದ್ದಲಾರದು. ಬೀಸುವ ಪದಗಳನ್ನು ಬಲ್ಲ ಮುದುಕಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಅವರ ಸೊಲ್ಲುಗಳನ್ನು ನಾವು ಬರೆದಿಟ್ಟೆವೆ? ಮೊಮ್ಮಗನನ್ನು ಹಳಿಯುವ ಮೊದಲು ಅವನನ್ನು ಅಜ್ಜಿಯ ಮುಂದೆ ಕುಳ್ಳಿರಿಸಿರಿ. ಆ ಮೊಬೈಲಿನಲ್ಲಿಯೇ ಆಕೆಯ ದನಿಯನ್ನು ಹಿಡಿಯಲು ಹೇಳಿರಿ. ಒಳ್ಳೆಯ ಹಾಡು ಕಿವಿಗೆ ಬಿದ್ದರೆ ಅವನು ಒಳ್ಳೆಯದನ್ನೂ ಕಟ್ಟಿಯಾನು. ನಾವು ಕೊಡದೆ ಉಳಿಸಿಕೊಂಡುದನ್ನು ಅವನು ಹಾಡಲಿಲ್ಲವೆಂದು ದೂರುವದು ಯಾವ ನ್ಯಾಯ?