ತಂತಿಯ ಹಾದಿಗೂ ಲಿಲಾವು

ದುಧನಿಯ ಪೇಟೆಯಲ್ಲಿ ತೊಗರಿಯ ಲಿಲಾವನ್ನು ಮೈಂದರ್ಗಿಯ ಒಕ್ಕಲಿಗರು ಬಲ್ಲರು. ಹೆಚ್ಚು ಕೂಗಿದವನಿಗೆ ಮಾಲು. ಆದರೆ ಮಾಲು ಸಾಗುವ ಹಾದಿಗೇ ಲಿಲಾವು ಹಚ್ಚಿದರೆ? ವಿದ್ಯುಚ್ಛಕ್ತಿಯ ವ್ಯವಹಾರದಲ್ಲಿ ಇದು ನಡೆದುಬಂದಿದೆ.

ಒಂದು ತಂತಿಯು ಇಂತಿಷ್ಟೇ ಶಕ್ತಿಯನ್ನು ಹೊರಬಲ್ಲದು. ಬೇಡುವವರು ಹೆಚ್ಚಾದಾಗ ಹಾದಿಯನ್ನು ಯಾರಿಗೆ ಕೊಡಬೇಕು? ಮೊದಲು ಬಂದವರಿಗೆಂದರೆ ಬಲ್ಲಿದರು ಮೊದಲೇ ಹಿಡಿದು ಕೂಡುವರು. ಅಧಿಕಾರಿಯ ಮರ್ಜಿಗೆ ಬಿಟ್ಟರೆ ವಶೀಲಿಗೆ ಎಡೆಯಾಗುವದು. ಆದ್ದರಿಂದ ಬಹಿರಂಗ ಲಿಲಾವು ಲೇಸೆಂಬ ವಾದವಿದೆ. ಇಂಗ್ಲಂಡ-ಫ್ರಾನ್ಸಗಳ ನಡುವಣ ತಂತಿಗೆ ೨೦೦೧ರಲ್ಲಿಯೇ ಈ ಪದ್ಧತಿ ಬಂದಿತು.

ನಮ್ಮ ದೇಶದಲ್ಲಿ ೨೦೦೮ರಲ್ಲಿ ವಿದ್ಯುತ್ತಿನ ಪೇಟೆ ತೆರೆಯಿತು. ದಕ್ಷಿಣಕ್ಕೆ ಹೋಗುವ ತಂತಿ ತುಂಬಿತೆಂದರೆ ಪೇಟೆ ಎರಡಾಗಿ ಒಡೆದು ಅತ್ತಕಡೆ ದರ ಏರುತ್ತಿತ್ತು. ಆಳಂದ, ಅಫಜಲಪುರಗಳ ನಮ್ಮ ಬೀಗರಿಗೆ ಕರೆಂಟು ಒದಗಿಸುವ ಕರ್ನಾಟಕವು ಈ ಪೇಟೆಯಲ್ಲಿ ಹೆಚ್ಚು ದರ ತೆರಬೇಕಾಗುತ್ತಿತ್ತು. ಲಿಲಾವು ಇಕ್ಕಟ್ಟಿನ ಬೆಲೆಯನ್ನು ತೋರಿಸಿತು, ಇಕ್ಕಟ್ಟನ್ನು ಕಳೆಯಲಿಲ್ಲ. ಕಳೆಯತೊಡಗಿದ್ದು ಹೊಸ ತಂತಿ. ೨೦೧೩ರ ಡಿಸೆಂಬರ ೩೧ರಂದು ರಾಯಚೂರು-ಸೊಲ್ಲಾಪುರಗಳ ನಡುವೆ ೭೬೫ ಕಿಲೋವೋಲ್ಟಿನ ತಂತಿ ಕೂಡಿ, ದಕ್ಷಿಣದ ಜಾಲವು ದೇಶದ ಜಾಲದೊಡನೆ ಒಂದಾಯಿತು. ದರದ ಅಂತರ ಒಂದೇ ದಿನದಲ್ಲಿ ಅಳಿಯಲಿಲ್ಲ. ಮತ್ತಷ್ಟು ತಂತಿಗಳು ಬಂದಂತೆ ಸಡಿಲಾಯಿತು.

ಇದರಿಂದ ತಿಳಿಯುವದೇನು? ಲಿಲಾವು ಬರಗಾಲದ ಪಡಿಯಿದ್ದಂತೆ, ಬೆಳೆಯಲ್ಲ. ಇಕ್ಕಟ್ಟಿನಿಂದ ಬಂದ ಹಣವು ಹಾದಿಯನ್ನು ಅಗಲಿಸುವದಕ್ಕೇ ಸಲ್ಲಬೇಕು. ಇಲ್ಲವಾದರೆ ಇಕ್ಕಟ್ಟೇ ಒಂದು ಆದಾಯವಾಗಿ, ಅದನ್ನು ತೆಗೆಯುವ ಮನಸ್ಸು ಯಾರಿಗೂ ಬಾರದು.

ಎರಡನೆಯ ಮಾತು. ಈ ಪೇಟೆಯಲ್ಲಿ ಒಕ್ಕಲಿಗನು ಕೂಗುವದಿಲ್ಲ. ಅವನ ಪರವಾಗಿ ವಿತರಣ ಕಂಪನಿ ಕೂಗುತ್ತದೆ. ಗಿರಣಿಯವನು ಹೆಚ್ಚು ಕೂಗಿ ಹಾದಿ ಪಡೆದನೆಂದು ಬಾವಿಯ ಪಂಪಿಗೆ ನಡುರಾತ್ರಿಯ ಪಾಳಿ ಬರಬಾರದು. ಕತ್ತಲಲ್ಲಿ ಹಾವು-ಚೇಳುಗಳ ನಡುವೆ ನೀರು ಹಾಯಿಸುವ ಕಷ್ಟವನ್ನು ಯಾವ ಲಿಲಾವೂ ಲೆಕ್ಕಕ್ಕೆ ಹಿಡಿಯುವದಿಲ್ಲ. ಪಂಪುಗಳ ಪಾಲನ್ನು ಮೊದಲು ತೆಗೆದಿರಿಸಿ, ಉಳಿದದ್ದನ್ನು ಕೂಗಲಿ. ಮಹಾರಾಷ್ಟ್ರ ಸರಕಾರವು ೨೦೨೩ರಲ್ಲಿ ಹೊಸ ರೂಪ ಕೊಟ್ಟ ಸೌರ ಕೃಷಿ ವಾಹಿನಿ ಯೋಜನೆಯ ದಾರಿಯೂ ಒಳ್ಳೆಯದು. ಹೊಲದ ಹತ್ತಿರವೇ ಹಗಲು ಹುಟ್ಟಿದ ಶಕ್ತಿಗೆ ದೂರದ ತಂತಿಯ ಹಂಗು ಕಡಿಮೆ.

ದರ ನಿಗದಿಗೆ ಮೊದಲು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ಗ್ರಾಹಕರು ಲಿಖಿತವಾಗಿ ಹೇಳಿಕೊಳ್ಳಬಹುದು. ನಮ್ಮ ಹಳ್ಳಿಗಳವರು ಕೂಡಿ ಕನ್ನಡದಲ್ಲಿ ವಿಚಾರ ಮಾಡಿ, ಮರಾಠಿಯಲ್ಲಿ ಬರೆಯಿಸಿ ಕಳಿಸಲಿ. ಸುಮ್ಮನೆ ಕುಳಿತವರ ಪಾಲು ಕೂಗಿದವರಿಗೇ ಹೋಗುವದು.